ಬಾಗಿಲು ತಟ್ಟಿದ್ದಕ್ಕೆ 235 ಪೌಂಡ್: ಇಂಗ್ಲೆಂಡಿನ ಬೈಲಿಫ್ ಶುಲ್ಕದ ಲೆಕ್ಕಾಚಾರ

ಇಂಗ್ಲೆಂಡಿನಲ್ಲಿ ಒಂದು ಮನೆಯವರು ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ, ಬಾಕಿ ಇಟ್ಟುಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಬಾಕಿ ವಸೂಲಿ ಮಾಡುವ ಬೈಲಿಫ್ ಬಂದು ಬಾಗಿಲು ತಟ್ಟುತ್ತಾನೆ. ಒಳಗೆ ಯಾರೂ ಇಲ್ಲ. ಒಂದು ಚೀಟಿ ತೂರಿಸಿ ಹೊರಟುಹೋಗುತ್ತಾನೆ. ಅಷ್ಟಕ್ಕೇ ಆ ಮನೆಯ ಬಾಕಿಗೆ ಇನ್ನೊಂದು 235 ಪೌಂಡ್ ಸೇರಿಕೊಳ್ಳುತ್ತದೆ. ಮೂಲ ಬಾಕಿ 200 ಪೌಂಡ್ ಇದ್ದರೂ 235, 1,500 ಪೌಂಡ್ ಇದ್ದರೂ 235.

ಇದು ಯಾರೋ ಮಾಡಿದ ಮೋಸವಲ್ಲ, ಕಾನೂನೇ 2014ರಲ್ಲಿ ಬರೆದಿಟ್ಟ ದರ. ಓದಲು, ಕೆಲಸ ಮಾಡಲು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಇದರ ಬಿಸಿ ತಟ್ಟುವುದು ಸಾಮಾನ್ಯವಾಗಿ ತಡವಾಗಿಯೇ. ಅದಕ್ಕೆ ಒಂದು ಕಾರಣ ನಮ್ಮ ಊರಿನ ಅಭ್ಯಾಸ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಮನೆ ಕಂದಾಯ ಕಟ್ಟುವವರು ಮಾಲೀಕರು. ಬಾಡಿಗೆದಾರರಿಗೆ ಅದರ ಗೊಡವೆಯೇ ಇಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಮನೆಯಲ್ಲಿ ಯಾರು ವಾಸ ಇರುತ್ತಾರೋ ಅವರೇ ಕಟ್ಟಬೇಕು. ಬಾಡಿಗೆ ಕಟ್ಟಿದೆವು, ಕರೆಂಟ್ ಬಿಲ್ ಕಟ್ಟಿದೆವು, ಇನ್ನೇನು ಅಂದುಕೊಂಡು ಕೂತರೆ, ಕೌನ್ಸಿಲ್ ಕಡೆಯಿಂದ ಕಾಗದ ಬರತೊಡಗುತ್ತದೆ.

ಈ ತೆರಿಗೆ ಶುರುವಾದದ್ದು 1993ರಲ್ಲಿ. ಇಂಗ್ಲೆಂಡಿನಲ್ಲಿ ಇವತ್ತಿಗೂ 1991ರ ಏಪ್ರಿಲ್‌ನ ಮನೆ ಬೆಲೆಯ ಮೇಲೆಯೇ ಲೆಕ್ಕ. ಎ ಯಿಂದ ಎಚ್ ವರೆಗೆ ಎಂಟು ದರ್ಜೆ. ಒಬ್ಬರೇ ಇದ್ದರೆ ಕಾಲು ಭಾಗ ರಿಯಾಯಿತಿ. ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಏನೂ ಕಟ್ಟಬೇಕಿಲ್ಲ. ಆದರೆ ಆ ವಿನಾಯಿತಿ ಎಷ್ಟೋ ಸಲ ತಾನಾಗಿ ಬರುವುದಿಲ್ಲ. ನಾವೇ ಅರ್ಜಿ ಹಾಕಿ, ವಿಶ್ವವಿದ್ಯಾಲಯದ ಪತ್ರ ಕಳಿಸಬೇಕಾಗುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಒಂದು ಲೆಕ್ಕ ಹಾಕಿಯೇ ನೋಡೋಣ. ವರ್ಷಕ್ಕೆ 1,800 ಪೌಂಡ್ ತೆರಿಗೆ, 10 ಕಂತು, ತಿಂಗಳಿಗೆ 180. ಏಪ್ರಿಲ್ ಕಂತು ಕಟ್ಟಿದಿರಿ, ಮೇ ತಿಂಗಳದ್ದು ತಪ್ಪಿತು. ಕೌನ್ಸಿಲ್ ಒಂದು ನೆನಪೋಲೆ ಕಳಿಸುತ್ತದೆ, ಕಟ್ಟಲು 7 ದಿನ ಗಡುವು. ಅದೂ ಕಳೆದರೆ ಕಂತಿನಲ್ಲಿ ಕಟ್ಟುವ ಹಕ್ಕೇ ಹೋಗುತ್ತದೆ. ಇನ್ನೊಂದು ವಾರದಲ್ಲಿ ವರ್ಷದ ಉಳಿದ ದುಡ್ಡು ಪೂರ್ತಿ, ಅಂದರೆ 1,620 ಪೌಂಡ್, ಒಂದೇ ಸಲ ಕಟ್ಟಬೇಕು. 180 ಹೊಂದಿಸಲಾಗದ ಮನೆಯ ಮುಂದೆ 1,620ರ ಬೇಡಿಕೆ! ಕೌನ್ಸಿಲ್ ಟ್ಯಾಕ್ಸ್ ವಸೂಲಿಯ 1992ರ ನಿಯಮಗಳ ಈ ಒಂದು ಅಂಶವೇ ಸಣ್ಣ ತೊಂದರೆಯನ್ನು ದೊಡ್ಡದು ಮಾಡುವುದು ಅಂತ ನನಗನ್ನಿಸುತ್ತದೆ. ಬೈಲಿಫ್ ಕಥೆ ಬರುವುದು ಆಮೇಲೆ.

ಮುಂದೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್. ಕೋರ್ಟು 'ಲಯಬಿಲಿಟಿ ಆರ್ಡರ್' ಕೊಡುತ್ತದೆ, ಅಂದರೆ ಈ ಬಾಕಿಗೆ ಇವರೇ ಹೊಣೆ ಅನ್ನುವ ಆದೇಶ. ನೂರಾರು ಹೆಸರುಗಳ ಪಟ್ಟಿಗೆ ಒಂದೇ ಬೈಠಕ್ಕಿನಲ್ಲಿ ಆದೇಶ ಆಗಿಹೋಗುವುದು ಅಲ್ಲಿ ಮಾಮೂಲು. ಅಲ್ಲಿ 'ನನ್ನ ಹತ್ತಿರ ದುಡ್ಡಿಲ್ಲ ಸ್ವಾಮಿ' ಅನ್ನುವುದು ವಾದವೇ ಅಲ್ಲ. ಈಗಾಗಲೇ ಕಟ್ಟಿದ್ದೇನೆ, ನನಗೆ ಬಿಲ್ಲೇ ಸರಿಯಾಗಿ ಬಂದಿಲ್ಲ, ಇಂಥವುಗಳಿಗೆ ಮಾತ್ರ ಕಿವಿ. ಆ ಮನೆಗೆ ತೆರಿಗೆ ಕಟ್ಟಬೇಕಾದವರು ನಾವೇ ಅಲ್ಲ ಅನ್ನುವ ತಕರಾರಿಗೆ ಬೇರೆಯೇ ಒಂದು ಟ್ರಿಬ್ಯುನಲ್ ಇದೆ. ಜೊತೆಗೆ ಕೋರ್ಟು ಖರ್ಚು ಅಂತ ಕೌನ್ಸಿಲ್ ಇನ್ನೊಂದಿಷ್ಟು ಸೇರಿಸುತ್ತದೆ. ಉತ್ತರ ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ ಹೀಗೆ ಹಾಕಿದ 125 ಪೌಂಡ್ ಖರ್ಚನ್ನು ಪಾಲ್ ನಿಕೋಲ್ಸನ್ ಅನ್ನುವ ನಿವೃತ್ತ ಪಾದ್ರಿಯೊಬ್ಬರು ಪ್ರಶ್ನೆ ಮಾಡಿದರು. ಈ 125 ಅನ್ನುವ ಅಂಕಿ ಎಲ್ಲಿಂದ ಬಂತು, ಲೆಕ್ಕ ಕೊಡಿ ಅಂತ. 2015ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಲೆಕ್ಕದ ವಿವರವನ್ನೇ ನೋಡದೆ ಮ್ಯಾಜಿಸ್ಟ್ರೇಟರು ಆ ಖರ್ಚಿಗೆ ಒಪ್ಪಿದ್ದು ಕಾನೂನಿಗೆ ವಿರುದ್ಧ ಅಂದಿತು. ಕೌನ್ಸಿಲ್‌ಗಳು ಈಗಲೂ ಖರ್ಚು ಹಾಕುತ್ತವೆ, ಆದರೆ ಕೇಳಿದರೆ ಲೆಕ್ಕ ತೋರಿಸಬೇಕು.

ನಮ್ಮ ಉದಾಹರಣೆಗೆ 100 ಪೌಂಡ್ ಕೋರ್ಟು ಖರ್ಚು ಸೇರಿಸಿಕೊಳ್ಳೋಣ. ಬಾಕಿ 1,720. ಈಗ ಫೈಲು ಬೈಲಿಫ್ ಕಂಪನಿಯ ಕೈಗೆ ಹೋಗುತ್ತದೆ.

2014ರ ಏಪ್ರಿಲ್ 6ರಿಂದ ಜಾರಿಗೆ ಬಂದ ಶುಲ್ಕದ ನಿಯಮದಲ್ಲಿ ಮೂರು ಹಂತಗಳಿವೆ. ಫೈಲು ಬಂದು ನೋಟಿಸು ಕಳಿಸಿದ್ದಕ್ಕೆ 75 ಪೌಂಡ್. ಮನೆ ಬಾಗಿಲಿಗೆ ಬಂದದ್ದಕ್ಕೆ 235, ಬಾಕಿ 1,500 ದಾಟಿದ್ದರೆ ದಾಟಿದ ಭಾಗದ ಮೇಲೆ ಶೇ. 7.5 ಬೇರೆ. ಸಾಮಾನು ಹೊತ್ತೊಯ್ದು ಮಾರುವ ಹಂತಕ್ಕೆ 110, ಅದರ ಮೇಲೂ ಅದೇ ಶೇ. 7.5. ನಮ್ಮ ಲೆಕ್ಕದಲ್ಲಿ ಬೈಲಿಫ್ ಒಂದು ಸಲ ಬಂದುಹೋದರೆ 75, 235, ಜೊತೆಗೆ 16.50. ಒಟ್ಟು ಬಾಕಿ 2,046.50 ಆಯಿತು. ಸಾಮಾನು ಮುಟ್ಟಿದರೆ 2,173. ಇದೆಲ್ಲ ಶುರುವಾದದ್ದು 180 ಪೌಂಡ್ ತಪ್ಪಿದ್ದರಿಂದ. ಇವು 2014ರಲ್ಲಿ ಗೊತ್ತುಮಾಡಿದ ಅಂಕಿಗಳು. ಕೈಗೆ ಬಂದ ನೋಟಿಸಿನಲ್ಲಿರುವುದನ್ನು ಸರ್ಕಾರದ ಆಗಿನ ಪಟ್ಟಿಯ ಜೊತೆ ಹೊಂದಿಸಿ ನೋಡುವುದು ಒಳ್ಳೆಯದು.

ನ್ಯಾಯವಾಗಿ ಹೇಳಬೇಕಂದರೆ, 2014ಕ್ಕಿಂತ ಮುಂಚೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಒಂದೊಂದು ಬಗೆಯ ಬಾಕಿಗೆ ಒಂದೊಂದು ಕಾನೂನು. ಬಂದದ್ದಕ್ಕೆ ದುಡ್ಡು, ವ್ಯಾನ್ ತಂದದ್ದಕ್ಕೆ ದುಡ್ಡು. ಏನು ಹಾಕಿದ್ದಾರೆ ಅಂತ ಸಾಲಗಾರರಿಗೆ ತಿಳಿಯುತ್ತಲೇ ಇರಲಿಲ್ಲ. ಈಗ ಎಷ್ಟು ಸಲ ಬಂದರೂ ಆ ಹಂತಕ್ಕೆ ಒಂದೇ ಶುಲ್ಕ. ಮೂರು ಸಲ ಬಂದೆ, ಮೂರು ಪಟ್ಟು ಕೊಡಿ ಅನ್ನುವಂತಿಲ್ಲ. ಎರಡು ವರ್ಷದ ಬಾಕಿಗೆ ಎರಡು ಆದೇಶ ಇದ್ದು, ಎರಡನ್ನೂ ಒಟ್ಟಿಗೆ ವಸೂಲಿ ಮಾಡಲು ಸಾಧ್ಯವಿದ್ದರೆ ಬಾಗಿಲಿಗೆ ಬಂದ ಶುಲ್ಕವನ್ನು ಒಂದೇ ಸಲ ಹಾಕಬೇಕು. ತುಂಬಾ ಜನ ಇದನ್ನು ಗಮನಿಸದೆ ಎರಡೆರಡು 235 ಕಟ್ಟಿಬಿಡುತ್ತಾರೆ.

ಸರಿ, ಈ ದುಡ್ಡು ಯಾರಿಗೆ ಹೋಗುತ್ತದೆ? ಕೌನ್ಸಿಲ್‌ಗಲ್ಲ. ವಸೂಲಿ ಮಾಡುವವರು ಹೆಚ್ಚಾಗಿ ಖಾಸಗಿ ಕಂಪನಿಗಳು. ಸಾಮಾನ್ಯವಾಗಿ ಕೌನ್ಸಿಲ್ ಅವರಿಗೆ ಏನೂ ಕೊಡುವುದಿಲ್ಲ. ಅವರ ಸಂಪಾದನೆಯೆಲ್ಲ ಸಾಲಗಾರರ ಶುಲ್ಕದಿಂದಲೇ. ಕೌನ್ಸಿಲ್‌ಗೆ ಇದು ಪುಕ್ಕಟೆ ಸೇವೆ ಅಲ್ವಾ? ಫೋನ್ ಮಾಡಿ ಮಾತಾಡಿಸಲು, ಕಂತು ಹೊಂದಿಸಲು ಸ್ವಂತ ಸಿಬ್ಬಂದಿ ಬೇಕು, ಸಂಬಳ ಕೊಡಬೇಕು. ಫೈಲು ಹೊರಗೆ ತಳ್ಳಿದರೆ ಏನೂ ಖರ್ಚಿಲ್ಲ. ಇನ್ನು ಕಂಪನಿಯ ಕಡೆಯಿಂದ ನೋಡಿ. ನೋಟಿಸಿನ ಹಂತದಲ್ಲೇ ಒಪ್ಪಂದ ಆಗಿಬಿಟ್ಟರೆ 75 ಪೌಂಡ್. ಬಾಗಿಲವರೆಗೆ ಹೋದರೆ 310. ಯಾರೂ ಕೆಟ್ಟವರಾಗಬೇಕಿಲ್ಲ, ಲೆಕ್ಕವೇ ಅವರನ್ನು ಬಾಗಿಲ ಕಡೆಗೆ ತಳ್ಳುತ್ತದೆ. ಚಿಕ್ಕ ಬಾಕಿಯವರಿಗೆ ಹೊಡೆತ ಜಾಸ್ತಿ. 200 ಪೌಂಡ್ ಬಾಕಿಗೆ 310 ಶುಲ್ಕ ಅಂದರೆ ಒಂದೂವರೆ ಪಟ್ಟು. 3,000 ಬಾಕಿಯವರಿಗೆ ಶೇ. 7.5 ಸೇರಿಸಿದರೂ 422.50 ಮಾತ್ರ.

ಇದರಲ್ಲಿ ಬಡವರ ಸಂಖ್ಯೆ ಹೆಚ್ಚಲು ಇನ್ನೊಂದು ಕಾರಣ 2013ರದ್ದು. ಅಲ್ಲಿಯವರೆಗೆ ದೇಶಕ್ಕೆಲ್ಲ ಒಂದೇ ಕೌನ್ಸಿಲ್ ಟ್ಯಾಕ್ಸ್ ನೆರವು ಯೋಜನೆ ಇತ್ತು. ಆ ವರ್ಷ ಅದನ್ನು ತೆಗೆದು, ಅನುದಾನವನ್ನೂ ಕಡಿತ ಮಾಡಿ, ನೀವೇ ನೋಡಿಕೊಳ್ಳಿ ಅಂತ ಕೌನ್ಸಿಲ್‌ಗಳ ಮೇಲೆ ಹಾಕಿದರು. ಆಗ ಮುಂಚೆ ಏನೂ ಕಟ್ಟದಿದ್ದ ಎಷ್ಟೋ ಮನೆಗಳಿಗೆ ಬಿಲ್ಲು ಬರಲು ಶುರುವಾಯಿತು.

ಹಾಗಾಗಿ ಇಡೀ ವ್ಯವಸ್ಥೆಯಲ್ಲಿ ಅಗ್ಗದ ಜಾಗ ಅಂದರೆ ನೋಟಿಸು ಬಂದ ಮೇಲೆ, ಬಾಗಿಲು ತಟ್ಟುವ ಮುಂಚೆ. ನಿಯಮದ ಪ್ರಕಾರ ಆ ನೋಟಿಸಿಗೂ ಭೇಟಿಗೂ ನಡುವೆ 7 ಪೂರ್ತಿ ದಿನ ಬಿಡಬೇಕು. ಭಾನುವಾರ, ಬ್ಯಾಂಕ್ ರಜೆ ಇದರಲ್ಲಿ ಲೆಕ್ಕವಿಲ್ಲ. ಆ ದಿನಗಳಲ್ಲಿ ಫೋನ್ ಮಾಡಿ 'ಇಷ್ಟು ಕಟ್ಟಬಲ್ಲೆ' ಅಂದರೆ, ಒಪ್ಪಂದ ಕುದುರಿದರೆ, ಶುಲ್ಕ 75ರಲ್ಲೇ ನಿಲ್ಲುತ್ತದೆ. ಅದನ್ನು ಬರವಣಿಗೆಯಲ್ಲಿ ಪಡೆಯಬೇಕು. ಕಟ್ಟಲಾಗದ ಮೊತ್ತಕ್ಕೆ ಒಪ್ಪಬಾರದು, ಯಾಕಂದರೆ ಒಪ್ಪಂದ ಮುರಿದರೆ ನೇರ 235ರ ಹಂತಕ್ಕೇ ಹೋಗುತ್ತದೆ. ಕೆಲವರು ಜಾಣತನ ಮಾಡಿ ಬೈಲಿಫನ್ನು ಬಿಟ್ಟು ನೇರವಾಗಿ ಕೌನ್ಸಿಲ್ ಖಾತೆಗೆ ಬಾಕಿ ಕಟ್ಟುತ್ತಾರೆ. ಶುಲ್ಕ ತಪ್ಪಿತು ಅಂದುಕೊಳ್ಳುತ್ತಾರೆ. ಆದರೆ ಬಂದ ದುಡ್ಡಿನಲ್ಲಿ ಮೊದಲು 75 ಕಳೆದು, ಉಳಿದದ್ದನ್ನು ಬಾಕಿಗೂ ಮಿಕ್ಕ ಶುಲ್ಕಕ್ಕೂ ಪಾಲು ಹಾಕಬೇಕು ಅಂತ ನಿಯಮ ಹೇಳುತ್ತದೆ. ಹಾಗಾಗಿ ಕಟ್ಟಿ ಮುಗಿಸಿದೆ ಅಂದುಕೊಂಡ ಮೇಲೂ ಫೈಲು ತೆರೆದೇ ಇರಬಹುದು.

ಬಾಗಿಲ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಸಂಸ್ಕಾರವೇ ನಮಗೆ ಎದುರಾಗುತ್ತದೆ. ಯಾರೋ ಬಂದರು, ಅಧಿಕಾರಿ ಥರ ಕಾಣಿಸುತ್ತಾರೆ, ಅಕ್ಕಪಕ್ಕದವರು ನೋಡುತ್ತಿದ್ದಾರೆ. ಮಾನ ಹೋಗುತ್ತದೆ ಅಂತ 'ಒಳಗೆ ಬನ್ನಿ ಸರ್, ಕೂತು ಮಾತಾಡೋಣ' ಅಂದುಬಿಡುತ್ತೇವೆ. ಬಾಯಿಗೆ ಬರುವ ಆ ಮಾತೇ ದುಬಾರಿ. ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದ ಬೈಲಿಫ್ ಬಲವಂತವಾಗಿ ಮನೆಯೊಳಗೆ ನುಗ್ಗುವಂತಿಲ್ಲ. ಬಾಗಿಲು ಮುರಿಯುವಂತಿಲ್ಲ, ಕಿಟಕಿಯಿಂದ ಇಳಿಯುವಂತಿಲ್ಲ, ಅಡ್ಡ ನಿಂತವರನ್ನು ತಳ್ಳುವಂತಿಲ್ಲ. ಆದರೆ ಬೀಗ ಹಾಕದ ಬಾಗಿಲನ್ನು ದೂಡಿಕೊಂಡು ಬರಬಹುದು. ನೀವೇ ಕರೆದರೆ ಖಂಡಿತ ಬರಬಹುದು. ಬಂದವರು ಸಾಮಾನಿನ ಪಟ್ಟಿ ಮಾಡಿ 'ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್' ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಾಮಾನು ಮನೆಯಲ್ಲೇ ಇರುತ್ತದೆ, ಮಾರಬಾರದು, ಕಂತು ಕಟ್ಟುತ್ತಿರಬೇಕು. ತಪ್ಪಿದರೆ ಮುನ್ಸೂಚನೆ ಕೊಟ್ಟು ಮತ್ತೆ ಬರಬಹುದು, ಆಗ ಬಾಗಿಲು ತೆಗೆಯದಿದ್ದರೆ ಬಲ ಬಳಸಲೂಬಹುದು. ಅಂದರೆ ಮೊದಲ ದಿನ ಇಲ್ಲದಿದ್ದ ಅಧಿಕಾರ ನಿಮ್ಮ ಆತಿಥ್ಯದಿಂದಲೇ ಅವರಿಗೆ ಸಿಕ್ಕಿಬಿಡುತ್ತದೆ.

ಬಾಗಿಲು ಮುಚ್ಚಿಕೊಂಡೇ ಮಾತಾಡುವುದು ಅಲ್ಲಿ ಒರಟುತನ ಅಲ್ಲ. ಟಪಾಲು ಕಿಂಡಿಯಿಂದ ಗುರುತಿನ ಚೀಟಿ, ಕೋರ್ಟಿನ ಪ್ರಮಾಣಪತ್ರ, ಬಾಕಿಯ ಲೆಕ್ಕ ತೂರಿಸಲು ಹೇಳಬಹುದು. ಪ್ರಮಾಣಪತ್ರ ಪಡೆದ ಬೈಲಿಫರ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಮಾತ್ರ ಬರಬೇಕು. ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ದರೆ ಒಳಗೆ ಕಾಲಿಡುವಂತಿಲ್ಲ. ಪೊಲೀಸರನ್ನು ಕರೆಸುತ್ತೇನೆ ಅಂದರೆ ಗಾಬರಿ ಬೇಡ. ಇಂಥ ಕಡೆ ಪೊಲೀಸರ ಕೆಲಸ ಗಲಾಟೆ ಆಗದಂತೆ ನೋಡಿಕೊಳ್ಳುವುದು, ಬಾಕಿ ವಸೂಲಿಯಲ್ಲ.

ಏನನ್ನು ಹೊತ್ತೊಯ್ಯಬಹುದು? ಬಟ್ಟೆ, ಹಾಸಿಗೆ, ಒಲೆ, ಫ್ರಿಡ್ಜ್, ಬಟ್ಟೆ ಒಗೆಯುವ ಯಂತ್ರ, ಮನೆಮಂದಿ ಕೂತು ಉಣ್ಣುವಷ್ಟು ಮೇಜು ಕುರ್ಚಿ, ಔಷಧ ಮತ್ತು ಚಿಕಿತ್ಸೆಯ ಸಾಧನ, ಇವನ್ನೆಲ್ಲ ಮುಟ್ಟಬಾರದು. ಕೆಲಸಕ್ಕೆ ಬೇಕಾದ ಸಲಕರಣೆ 1,350 ಪೌಂಡ್ ಬೆಲೆಯವರೆಗೆ ಸುರಕ್ಷಿತ. ಬೇರೆಯವರ ಸಾಮಾನು ಮುಟ್ಟುವಂತಿಲ್ಲ. ಹಂಚಿಕೊಂಡ ಮನೆಯಲ್ಲಿ ಪಕ್ಕದ ಕೋಣೆಯವನ ಲ್ಯಾಪ್‌ಟಾಪ್ ಅವನದ್ದೇ ಅಂತ ತೋರಿಸಲು ರಸೀದಿ ಇರಬೇಕು, ಅಷ್ಟೇ. ನಮ್ಮಲ್ಲೂ ಇದೇ ತರ್ಕ ಇದೆ. ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್ ಪ್ರಕಾರ ಕೋರ್ಟಿನ ಅಮೀನರು ಅಡುಗೆ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಧರ್ಮದ ರೂಢಿಯಂತೆ ಹೆಂಗಸರು ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ ಇವನ್ನು ಜಪ್ತಿ ಮಾಡುವಂತಿಲ್ಲ. 62ನೇ ಸೆಕ್ಷನ್ ಪ್ರಕಾರ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆಯೊಳಗೆ ಹೋಗುವಂತಿಲ್ಲ. ಈ ವಿಷಯದಲ್ಲಿ ನಮ್ಮ 1908ರ ಕಾನೂನೇ ವಾಸಿ ಅನ್ನಬೇಕು. ರಾತ್ರಿ 9 ಗಂಟೆಗೆ ಅಮೀನರು ಬರುವುದಿಲ್ಲ.

ಇಷ್ಟೆಲ್ಲ ತೆಗೆದರೆ ಉಳಿಯುವುದು ಟಿವಿ, ಸೋಫಾ, ಒಂದು ಗೇಮಿಂಗ್ ಡಬ್ಬ. ಹರಾಜಿನಲ್ಲಿ ಅವಕ್ಕೆ ಏನು ಬಂದೀತು? ಹಾಗಾಗಿ ಮನೆ ಸಾಮಾನು ನಿಜವಾಗಿ ಎತ್ತಿಕೊಂಡು ಹೋಗುವುದು ಅಪರೂಪ. ಹೊತ್ತೊಯ್ಯುತ್ತೇವೆ ಅನ್ನುವ ಬೆದರಿಕೆಯೇ ಅಸಲಿ ಆಯುಧ. ಕಾರಿನ ವಿಷಯ ಮಾತ್ರ ಬೇರೆ. ಅದು ಹೊರಗೆ ನಿಂತಿರುತ್ತದೆ, ಬೆಲೆ ಬಾಳುತ್ತದೆ, ಮನೆ ಬಾಗಿಲು ತೆಗೆಯದಿದ್ದರೂ ಚಕ್ರಕ್ಕೆ ಬೀಗ ಹಾಕಬಹುದು. ಬೀಗ ಹಾಕಿ ಕನಿಷ್ಠ 2 ಗಂಟೆ ಆದ ಮೇಲೆ ಎಳೆದೊಯ್ಯಬಹುದು. ನೋಟಿಸು ಬಂದಾಗ ತುಂಬಾ ಜನ ಮೊದಲು ಕಾರನ್ನು ಬೀಗ ಹಾಕಿದ ಗ್ಯಾರೇಜಿಗೋ ದೂರದ ರಸ್ತೆಗೋ ಸಾಗಿಸುವುದು ಇದಕ್ಕೇ.

ನಮ್ಮವರು ಸಿಕ್ಕಿಬೀಳುವ ಜಾಗಗಳು ಸ್ವಲ್ಪ ಬೇರೆ. ಒಂದು, ಕೋರ್ಸು ಮುಗಿದ ದಿನ. ವಿದ್ಯಾರ್ಥಿ ವಿನಾಯಿತಿ ಅಲ್ಲಿಗೆ ನಿಲ್ಲುತ್ತದೆ. ಪದವಿ ಪ್ರದಾನ ಇನ್ನೂ ಆಗಿಲ್ಲ, ಕೆಲಸ ಸಿಕ್ಕಿಲ್ಲ, ಆದರೂ ಬಿಲ್ಲು ಶುರು. ಎರಡು, ನಾಲ್ಕು ಜನ ಸೇರಿ ಒಂದೇ ಕರಾರಿನಲ್ಲಿ ಇಡೀ ಮನೆ ಹಿಡಿದದ್ದು. ಅಲ್ಲಿ ಬಾಕಿಗೆ ಎಲ್ಲರೂ ಒಟ್ಟಾಗಿಯೂ ಬೇರೆಬೇರೆಯಾಗಿಯೂ ಹೊಣೆ. ಒಬ್ಬ ತನ್ನ ಪಾಲು ಕೊಡದೆ ಊರಿಗೆ ಹೊರಟರೆ ಕೌನ್ಸಿಲ್ ಉಳಿದವರ ಬೆನ್ನು ಹತ್ತುತ್ತದೆ. ಕೋಣೆಗೊಂದು ಕರಾರು ಇರುವ ಮನೆಯಾದರೆ ಸಾಮಾನ್ಯವಾಗಿ ಮಾಲೀಕರೇ ತೆರಿಗೆಗೆ ಹೊಣೆ. ಕರಾರಿನ ಮೊದಲ ಪುಟ ಓದಿದರೆ ಇದು ಗೊತ್ತಾಗುತ್ತದೆ. ಮೂರು, ಸಂಗಾತಿ. ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿ ಬ್ರಿಟಿಷ್ ಪ್ರಜೆಯಲ್ಲದಿದ್ದು, ವೀಸಾ ಷರತ್ತಿನಿಂದ ಕೆಲಸ ಮಾಡುವ ಅಥವಾ ಸರ್ಕಾರಿ ನೆರವು ಪಡೆಯುವ ಹಕ್ಕಿಲ್ಲದಿದ್ದರೆ ಅವರನ್ನೂ ತೆರಿಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಕೇಳಿ ಪಡೆಯುವವರು ಕಡಿಮೆ. ಒಬ್ಬರೇ ಇದ್ದಾಗ ಸಿಗುವ ಕಾಲು ಭಾಗದ ರಿಯಾಯಿತಿ ವೀಸಾದಲ್ಲಿ ನಿಷೇಧಿಸಿದ ಸರ್ಕಾರಿ ನೆರವಿನಲ್ಲಿ ಸೇರುವುದಿಲ್ಲ. ಆದಾಯ ಕಡಿಮೆ ಅಂತ ಕೊಡುವ ಕೌನ್ಸಿಲ್ ಟ್ಯಾಕ್ಸ್ ಕಡಿತ ಸೇರುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡು ಹೆದರಿ ರಿಯಾಯಿತಿ ಬಿಟ್ಟುಕೊಡುವುದುಂಟು.

ಹಳೆಯ ಬಾಡಿಗೆದಾರರ ಬಾಕಿಗೆ ಹೊಸಬರ ಬಾಗಿಲು ತಟ್ಟುವುದೂ ಇದೆ. ಬಾಡಿಗೆ ಕರಾರು ತೋರಿಸಿ, ಅವರು ಇಲ್ಲಿಲ್ಲ ಅಂತ ಕಂಪನಿಗೂ ಕೌನ್ಸಿಲ್‌ಗೂ ಬರೆದು ತಿಳಿಸಿದರೆ ಸಾಕು. ಬೇರೆಯವರ ಹೆಸರಿನ ಬಾಕಿ ನಿಮ್ಮದಾಗುವುದಿಲ್ಲ.

ಬಾಕಿ ಬಿಟ್ಟು ಭಾರತಕ್ಕೆ ಬಂದವರು 'ಇಲ್ಲಿಗೂ ಬರುತ್ತಾರಾ' ಅಂತ ಕೇಳುತ್ತಾರೆ. ಬ್ರಿಟನ್ನಿನ ಮೇಲಿನ ಕೋರ್ಟುಗಳ ಡಿಕ್ರಿಯನ್ನು ಭಾರತದಲ್ಲಿ ಜಾರಿ ಮಾಡಲು ಸಿವಿಲ್ ಪ್ರೊಸೀಜರ್ ಕೋಡ್‌ನ 44ಎ ಸೆಕ್ಷನ್ ದಾರಿ ಕೊಡುತ್ತದೆ. ಆದರೆ ತೆರಿಗೆ, ದಂಡದ ಬಾಕಿಯನ್ನು ಅದೇ ಸೆಕ್ಷನ್ ಹೊರಗಿಟ್ಟಿದೆ. ಹಾಗಂತ ಬಾಕಿ ಅಳಿಯುವುದಿಲ್ಲ. ಅಲ್ಲೇ ಉಳಿದ ಜೊತೆಗಾರರ ಮೇಲೆ ಬೀಳುತ್ತದೆ, ನೀವು ಮತ್ತೆ ಹೋದರೆ ನಿಮಗಾಗಿ ಕಾದಿರುತ್ತದೆ.

ನಿಜವಾಗಿಯೂ ಕಟ್ಟಲಾಗದವರಿಗೆ 2021ರ ಮೇ 4ರಿಂದ 'ಬ್ರೀದಿಂಗ್ ಸ್ಪೇಸ್' ಅನ್ನುವ ವ್ಯವಸ್ಥೆ ಬಂದಿದೆ. ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ವಸೂಲಿ ನಿಲ್ಲುತ್ತದೆ, ಬೈಲಿಫ್ ಕೂಡ ಬರುವಂತಿಲ್ಲ. ಸಿಟಿಜನ್ಸ್ ಅಡ್ವೈಸ್, ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಇವು ದುಡ್ಡು ತೆಗೆದುಕೊಳ್ಳದೆ ಸಲಹೆ ಕೊಡುತ್ತವೆ. ಕಾಯಿಲೆ, ಬಸಿರು, ಭಾಷೆಯ ತೊಡಕು, ಮಾನಸಿಕ ತೊಂದರೆ ಇದ್ದರೆ ಮೊದಲೇ ಹೇಳಿಬಿಡಬೇಕು. ದುರ್ಬಲ ಸ್ಥಿತಿಯಲ್ಲಿರುವವರಿಗೆ ಸಲಹೆ ಪಡೆಯಲು ಸಾಕಷ್ಟು ಅವಕಾಶ ಕೊಡದೆ ಸಾಮಾನು ಹೊರಲು ಮುಂದಾದರೆ ಆ 235ನ್ನು ಅವರಿಂದ ವಸೂಲಿ ಮಾಡುವಂತಿಲ್ಲ. ಎಲ್ಲರಿಗೂ ತಿಳಿಯಬೇಕಾದ ಆದರೆ ಯಾರಿಗೂ ತಿಳಿಯದ ನಿಯಮ ಅಂದರೆ ಇದೇ.

ಉಳಿದ ಬಿಲ್ಲುಗಳ ವಿಷಯ ಚಿಕ್ಕದು. ನೀರಿನ ಬಾಕಿಗೆ ಮನೆಯ ನಲ್ಲಿ ಕಡಿಯುವಂತಿಲ್ಲ. ಕಂಪನಿ ಕೋರ್ಟಿಗೆ ಹೋಗಬೇಕು. ವಿದ್ಯುತ್, ಗ್ಯಾಸ್ ಬಾಕಿಗೆ ಕೋರ್ಟಿನ ವಾರಂಟ್ ತಂದು ಮುಂಗಡ ದುಡ್ಡಿನ ಮೀಟರ್ ಕೂರಿಸುತ್ತಿದ್ದರು. 2023ರ ಫೆಬ್ರುವರಿಯಲ್ಲಿ ಅಸಹಾಯಕರ ಮನೆಗಳಿಗೂ ನುಗ್ಗಿದ್ದು ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಗಿ, ಸ್ವಲ್ಪ ಕಾಲ ನಿಲ್ಲಿಸಿ, ನಿಯಮ ಬಿಗಿ ಮಾಡಿದರು. ಕ್ರಿಮಿನಲ್ ದಂಡದ ಬಾಕಿಯಾದರೆ ಬಾಗಿಲು ಮುರಿಯುವ ಅಧಿಕಾರ ಇದೆ, ಬಾಗಿಲ ಬಗ್ಗೆ ಮೇಲೆ ಹೇಳಿದ್ದು ಅದಕ್ಕೆ ಅನ್ವಯಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಇಡೀ ಪದ್ಧತಿಯೇ ಬೇರೆ.

ತಪ್ಪು ಶುಲ್ಕ ಹಾಕಿದರೆ ದೂರು ಮೊದಲು ಕಂಪನಿಗೆ, ಆಮೇಲೆ ಕೌನ್ಸಿಲ್‌ಗೆ. 'ಅದು ಬೈಲಿಫ್ ಕಂಪನಿಯ ವಿಷಯ' ಅಂತ ಕೌನ್ಸಿಲ್ ಕೈತೊಳೆದುಕೊಳ್ಳುವಂತಿಲ್ಲ. ತನ್ನ ಹೆಸರಿನಲ್ಲಿ ಹೋದವರ ನಡತೆಗೆ ಅದೇ ಹೊಣೆ. ಅಲ್ಲೂ ಆಗದಿದ್ದರೆ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. 2025ರಲ್ಲಿ ಸರ್ಕಾರ ಈ ತೆರಿಗೆಯ ವಸೂಲಿ ಕ್ರಮ ಬದಲಿಸುವ ಬಗ್ಗೆ ಜನರ ಅಭಿಪ್ರಾಯ ಕೇಳಿತು. ಎಲ್ಲರಿಗೂ 12 ಕಂತು, ಒಂದು ಕಂತು ತಪ್ಪಿದ ಕೂಡಲೇ ವರ್ಷದ ದುಡ್ಡು ಕೇಳದೆ ಇನ್ನಷ್ಟು ಸಮಯ, ಕೋರ್ಟು ಖರ್ಚಿಗೆ ಮಿತಿ, ಇವು ಅದರಲ್ಲಿದ್ದ ಸಲಹೆಗಳು. ಮೂರರಲ್ಲಿ ನಡುವಿನದ್ದೇ ಮುಖ್ಯ. 180 ಪೌಂಡ್ ಬಾಕಿ 180 ಆಗಿಯೇ ಇನ್ನೆರಡು ತಿಂಗಳು ಉಳಿದರೆ, ಅಷ್ಟನ್ನು ಹೇಗೋ ಹೊಂದಿಸಬಲ್ಲ ಮನೆಗಳ ಫೈಲು ಬೈಲಿಫ್ ಕಂಪನಿಯವರೆಗೆ ಹೋಗುವುದೇ ಇಲ್ಲ.